ಬೋನೆಟ್ಟಿನ ಕೆಳಗಿನ ಚೀಟಿ

ಕಳೆದ ಚಳಿಗಾಲದಲ್ಲಿ ಇಲ್ಲಿ ಕೊವೆಂಟ್ರಿಯ ಒಂದು ಸಣ್ಣ ಗ್ಯಾರೇಜಿನಿಂದ ಕಾರು ಬಿಡಿಸಿಕೊಳ್ಳಲು ಹೋದಾಗ, ಮೆಕ್ಯಾನಿಕ್ ಕೀಲಿ ಕೊಡುವ ಮೊದಲು ಬೋನೆಟ್ ಎತ್ತಿ, ಟೈಮಿಂಗ್ ಕವರಿನ ಮೇಲೆ ಅಂಟಿಸಿದ್ದ ಎರಡು ಬೆರಳಗಲದ ಚೀಟಿಯೊಂದನ್ನು ತೋರಿಸಿದ. ಎಂಜಿನ್ನಿನ ವಾಲ್ವುಗಳನ್ನೂ ಪಿಸ್ಟನ್ನುಗಳನ್ನೂ ಒಂದೇ ತಾಳಕ್ಕೆ ಓಡಿಸುವ ರಬ್ಬರಿನ ಟೈಮಿಂಗ್ ಬೆಲ್ಟ್ ಬದಲಿಸಿದ ದಿನಾಂಕವನ್ನೂ ಅಂದಿಗೆ ಗಾಡಿ ಓಡಿದ್ದ ಮೈಲಿಯನ್ನೂ ಅಳಿಸದ ಶಾಯಿಯಲ್ಲಿ ಬರೆದಿದ್ದ. ಹೊಸ ಬೆಲ್ಟಿನ ಪೆಟ್ಟಿಗೆಯೊಳಗೇ ಬಂದ ಚೀಟಿಯದು, ಅದಕ್ಕೆ ಬೇರೆ ಬೆಲೆಯಿಲ್ಲ. ನಾಳೆ ನೀವು ಮಾರಿದರೆ ಕೊಂಡವರಿಗೆ ಗೊತ್ತಿರಬೇಕಲ್ಲ ಎಂದ. ದಾವಣಗೆರೆಯ ಗ್ಯಾರೇಜುಗಳ ಮುಂದೆ ಸ್ಟೂಲಿನ ಮೇಲೆ ಕೂತು ಎಷ್ಟೋ ಭಾನುವಾರಗಳನ್ನು ಕಳೆದ ನಾನು, ಮುಂದೆಂದೋ ಬರಲಿರುವ ಅಪರಿಚಿತನೊಬ್ಬನ ಸಲುವಾಗಿ ಮೆಕ್ಯಾನಿಕ್ ಒಬ್ಬ ಎರಡು ಸಾಲು ಬರೆದದ್ದನ್ನು ಕಂಡದ್ದು ಅದೇ ಮೊದಲು.

ನನ್ನದು ಹಳೆಯ ಹ್ಯುಂಡೈ ಐ10, 1086 ಸಿಸಿಯ ನಾಲ್ಕು ಸಿಲಿಂಡರಿನದು. ಚೆನ್ನೈ ಪಕ್ಕದ ಶ್ರೀಪೆರುಂಬುದೂರಿನಲ್ಲಿ ತಯಾರಾಗಿ ಹಡಗು ಹತ್ತಿ ಇಂಗ್ಲೆಂಡಿಗೆ ಬಂದ ಗಾಡಿ. ಅದೇ ಕಾರ್ಖಾನೆಯಿಂದ ಅದೇ ಎಂಜಿನ್ ಹೊತ್ತು ಹೊರಟ ಇನ್ನೊಂದು ದಾವಣಗೆರೆಯಲ್ಲಿ ನನ್ನ ತಮ್ಮನ ಮನೆ ಮುಂದೆ ನಿಂತಿದೆ. ಎರಡಕ್ಕೂ ಬಂದ ಕಾಯಿಲೆ ಒಂದೇ. ಹಳತಾದ ಹೋಸ್ ಸೋರಿ, ಕೂಲೆಂಟ್ ಕಡಿಮೆಯಾಗಿ, ಎಂಜಿನ್ ಕಾದು, ಎಂಜಿನ್ನಿನ ತಲೆಭಾಗವಾದ ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಸೀಲು, ಅಂದರೆ ಹೆಡ್ ಗ್ಯಾಸ್ಕೆಟ್, ಹೋಯಿತು. ಹೀಗಾಗಿ ಎರಡೂ ಊರಿನ ರಿಪೇರಿಯನ್ನು ಅಕ್ಕಪಕ್ಕ ಇಟ್ಟು ನೋಡುವ ಹಕ್ಕು ನನಗೆ ತುಸು ಹೆಚ್ಚೇ ಇದೆ ಎಂದುಕೊಂಡಿದ್ದೇನೆ.

ಇಲ್ಲಿ ಆಯಿಲ್ ಮುಚ್ಚಳ ತಿರುಗಿಸಿದಾಗ ಅದರ ಒಳಮೈಗೆ ಕಡೆದ ಮಜ್ಜಿಗೆಯ ಹಾಗೆ ಕಂದು ನೊರೆ ಮೆತ್ತಿಕೊಂಡಿತ್ತು. ಊರಿನ ಯಾವ ಮೆಕ್ಯಾನಿಕ್ಕಾದರೂ ಅಷ್ಟನ್ನು ನೋಡಿಯೇ ಹೆಡ್ ಇಳಿಸಲು ಸ್ಪ್ಯಾನರ್ ಎತ್ತುತ್ತಿದ್ದ, ಮತ್ತು ಬಹುಮಟ್ಟಿಗೆ ಅವನ ಊಹೆ ಸರಿಯಾಗಿಯೇ ಇರುತ್ತಿತ್ತು. ಇವನು ಹಾಗೆ ಮಾಡಲಿಲ್ಲ. ರೇಡಿಯೇಟರಿನ ಬಾಯಿಗೆ ನೀಲಿ ದ್ರವ ತುಂಬಿದ ಗಾಜಿನ ಕೊಳವೆ ಇಟ್ಟು, ಸಿಲಿಂಡರಿನ ಹೊಗೆ ಕೂಲೆಂಟಿಗೆ ನುಗ್ಗುತ್ತಿದ್ದರೆ ಆ ನೀಲಿ ಹಳದಿಯಾಗುತ್ತದೆಂದು ವಿವರಿಸಿ, ಅದು ಹಳದಿಯಾದ ಮೇಲೆ ಅಂದಾಜುಪಟ್ಟಿ ಬರೆದು ಕೊಟ್ಟು, ನಾನು ಒಪ್ಪಿದ ಮೇಲಷ್ಟೇ ಕೆಲಸಕ್ಕೆ ಕೈಹಾಕಿದ. ಹೆಡ್ ಇಳಿಸಿದ ಬಳಿಕ ಅದರ ಮೈಮೇಲೆ ಉಕ್ಕಿನ ನೇರಪಟ್ಟಿಯನ್ನು ಅಡ್ಡಡ್ಡ, ಉದ್ದುದ್ದ, ಮೂಲೆಯಿಂದ ಮೂಲೆಗೆ ಇಟ್ಟು, ಕೆಳಗೆ 0.05 ಮಿಲಿಮೀಟರಿನ ಗೇಜ್ ಬ್ಲೇಡು ತೂರುವುದನ್ನು ತೋರಿಸಿದ. ತೂರಿತೆಂದರೆ ಹೆಡ್ ಬಾಗಿದೆ ಎಂದರ್ಥ, ಹಾಗಾಗಿ ಅದು ಫೇಸಿಂಗಿಗೆ, ಅಂದರೆ ಮೈಯನ್ನು ಸಮತಟ್ಟಾಗಿ ಹೆರೆಸಲು, ಹೋಯಿತು. ಬೆಲ್ಟಿನ ವಿಷಯದಲ್ಲಂತೂ ಅವನು ನನ್ನನ್ನು ಕೇಳಲೇ ಇಲ್ಲ. ವಾಲ್ವುಗಳನ್ನು ತೆರೆಯುವ, ಬೆಲ್ಟಿನಿಂದ ತಿರುಗುವ ಕ್ಯಾಮ್‌ಶಾಫ್ಟ್ ಇರುವುದು ಹೆಡ್ಡಿನ ಮೇಲೆ, ಹೆಡ್ ತೆಗೆಯಬೇಕಾದರೆ ಬೆಲ್ಟ್ ಕಳಚಲೇಬೇಕು; ಬೆಲ್ಟಿನ ಕೆಲಸದಲ್ಲಿ ದುಬಾರಿಯಾದದ್ದು ರಬ್ಬರಲ್ಲ, ಅದರವರೆಗೆ ತಲುಪುವ ಕೂಲಿ. ತಲುಪಿದ ಮೇಲೆ ಹಳೆಯದನ್ನೇ ಮತ್ತೆ ಹಾಕುವುದು ಅವನ ಲೆಕ್ಕದಲ್ಲಿ ಕೆಲಸವೇ ಅಲ್ಲ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರನ್ನೂ ಹತ್ತು ಹೆಡ್ ಬೋಲ್ಟುಗಳನ್ನೂ ಹೊಸದಾಗಿ ತರಿಸಿ, ನಡುವಿನಿಂದ ಅಂಚಿನ ಕಡೆಗೆ ಟಾರ್ಕ್ ರೆಂಚಿನಿಂದ ಬಿಗಿದ.

ತಮ್ಮನ ಗಾಡಿಗೆ ದಾವಣಗೆರೆಯಲ್ಲಿ ಆದದ್ದು ಇಷ್ಟು. ಹೆಡ್ ಗ್ಯಾಸ್ಕೆಟ್ ಬದಲಾಯಿತು, ಫೇಸಿಂಗ್ ಆಯಿತು, ಎಂಜಿನ್ ಸದ್ದಿಲ್ಲದೆ ಓಡಿತು. ಬೆಲ್ಟನ್ನು ಮಾತ್ರ ಮೆಕ್ಯಾನಿಕ್ ಎರಡು ಬೆರಳಿನಲ್ಲಿ ತಿರುಚಿ ನೋಡಿ, "ಇನ್ನೂ ಗಟ್ಟಿ ಐತೆ ಬಿಡ್ರಿ, ಯಾಕ್ ಸುಮ್ನೆ ರೊಕ್ಕ ದಂಡ" ಎಂದು ಅದನ್ನೇ ಹಾಕಿದ. ತಮ್ಮ ಆ ಗಾಡಿಯ ಎರಡನೆಯ ಮಾಲೀಕ. ಮೊದಲಿನವರು ಬೆಲ್ಟ್ ಯಾವಾಗ ಹಾಕಿಸಿದ್ದರೆಂದು ಕೇಳಿದ್ದಕ್ಕೆ ಅವರು ಎಲ್ಲಾ ಸರ್ವಿಸ್ ಆಗಿದೆ ಎಂದಿದ್ದರಷ್ಟೆ. ಆ ವರ್ಷದ ಕೊನೆಗೆ ಬೆಂಗಳೂರಿಗೆ ಹೋಗುವಾಗ ಹಿರಿಯೂರು ದಾಟಿದ ಮೇಲೆ ಹೆದ್ದಾರಿಯಲ್ಲೇ ಬೆಲ್ಟ್ ತುಂಡಾಯಿತು. ಬೆಲ್ಟ್ ಹರಿದ ಕ್ಷಣ ಕ್ಯಾಮ್ ನಿಲ್ಲುತ್ತದೆ, ಪಿಸ್ಟನ್ ನಿಲ್ಲುವುದಿಲ್ಲ. ತೆರೆದುಕೊಂಡಿದ್ದ ವಾಲ್ವುಗಳಿಗೆ ಬಡಿದು ಅವು ಬೆಂಡಾದವು. ಕೆಲವೇ ತಿಂಗಳ ಹಿಂದೆ ಕೂರಿಸಿದ್ದ ಹೆಡ್ ಮತ್ತೆ ಇಳಿಯಿತು.

ನನಗೆ ಸಿಟ್ಟು ಬಂದದ್ದು ಆ ಮೆಕ್ಯಾನಿಕ್ಕಿನ ಕೈಚಳಕದ ಮೇಲಲ್ಲ. ನಮ್ಮವರ ಕೈಗೆ ಏನೂ ಬರವಿಲ್ಲ, ಬರವಿರುವುದು ಬರೆದಿಡುವುದಕ್ಕೆ. ರಬ್ಬರಿನ ವಯಸ್ಸು ಬೆರಳಿಗೆ ತಿಳಿಯುವುದಿಲ್ಲ, ದಿನಾಂಕದಿಂದ ತಿಳಿಯುತ್ತದೆ. ಆದ್ದರಿಂದಲೇ ಕಂಪನಿಯ ಪುಸ್ತಕವು ಇಷ್ಟು ಓಟ ಅಥವಾ ಇಷ್ಟು ವರ್ಷ, ಯಾವುದು ಮೊದಲೋ ಅದು ಎನ್ನುತ್ತದೆ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿ ವರ್ಷ ಎಂಒಟಿ ಎಂಬ ಸುರಕ್ಷತಾ ಪರೀಕ್ಷೆಗೆ ಹೋಗಬೇಕು, ಅಲ್ಲಿ ಮೀಟರಿನ ಅಂಕಿ ದಾಖಲಾಗುತ್ತದೆ, ಮತ್ತು ನಂಬರ್ ಪ್ಲೇಟಿನ ಅಕ್ಷರಗಳನ್ನು ಸರ್ಕಾರದ ತಾಣದಲ್ಲಿ ಹಾಕಿದರೆ ಯಾರು ಬೇಕಾದರೂ ಅದನ್ನು ಬಿಟ್ಟಿಯಾಗಿ ನೋಡಬಹುದು. ನಮ್ಮಲ್ಲಿ ಸ್ವಂತ ಕಾರನ್ನು ಕೊಂಡವನು ಹದಿನೈದು ವರ್ಷ ಆರ್‌ಸಿ ಹಿಡಿದು ನಿಶ್ಚಿಂತೆಯಿಂದ ಇರುತ್ತಾನೆ. ಸೆಕೆಂಡ್‌ಹ್ಯಾಂಡ್ ಕೊಳ್ಳುವವನಿಗೆ ಮೀಟರಿನ ಮೇಲಿನ ಅಂಕಿಯನ್ನು ಮಾರುವವನ ಮುಖ ನೋಡಿ ನಂಬಬೇಕಾದ ಸ್ಥಿತಿ. ಮನೆ ಕಟ್ಟಿದರೆ ಗೃಹಪ್ರವೇಶದ ತಾರೀಖನ್ನು ಕಲ್ಲಿನಲ್ಲಿ ಕೆತ್ತಿಸುವ ಜನಕ್ಕೆ ಬೆಲ್ಟಿನ ತಾರೀಖು ಬರೆಯಲು ಒಂದು ಬಾಲ್‌ಪೆನ್ನು ಸಿಗುವುದಿಲ್ಲವೆಂದರೆ ನಾನು ಒಪ್ಪಲಾರೆ.

ನ್ಯಾಯಕ್ಕಾಗಿ ಒಂದೆರಡು ಮಾತು ಸೇರಿಸಬೇಕು, ಮನಸ್ಸಿಲ್ಲದಿದ್ದರೂ. ಎಂಒಟಿಯಲ್ಲಿ ಟೈಮಿಂಗ್ ಬೆಲ್ಟನ್ನು ನೋಡುವುದಿಲ್ಲ. ಪರೀಕ್ಷೆ ಪಾಸಾಗಿ ಹೊರಬಂದ ಗಾಡಿಯ ಬೆಲ್ಟ್ ಮರುದಿನವೇ ಹರಿಯಬಹುದು, ಇಲ್ಲೂ ಚೀಟಿ ಅಂಟಿಸದ ಗ್ಯಾರೇಜುಗಳಿವೆ. ನನ್ನ ಅಂದಾಜುಪಟ್ಟಿ ಕೊಡುವಾಗ ಆ ಮೆಕ್ಯಾನಿಕ್ ಮೊದಲು ಕೇಳಿದ್ದು ಗಾಡಿಯನ್ನು ಗುಜರಿಗೆ ಹಾಕುವುದಿಲ್ಲವೇ ಎಂದು, ಏಕೆಂದರೆ ಕೆಲಸದ ಖರ್ಚು ಕಾರಿನ ಬೆಲೆಯನ್ನೇ ದಾಟುತ್ತಿತ್ತು. ಇನ್ನೂ ಎಷ್ಟೋ ವರ್ಷ ಓಡಬಲ್ಲ ಸಣ್ಣ ಕಾರುಗಳು ಬರೀ ಒಂದು ಗ್ಯಾಸ್ಕೆಟ್ಟಿನ ಕಾರಣಕ್ಕೆ ಇಲ್ಲಿ ಜಜ್ಜಿಹೋಗುತ್ತವೆ. ನನ್ನ ಹೆಡ್ ಬೇರೆ ಊರಿನ ಮಷಿನ್ ಶಾಪಿಗೆ ಹೋಗಿ ಬರುವ ತನಕ ನಾನು ಮಳೆಯಲ್ಲಿ ಬಸ್ಸಿಗೆ ಕಾದೆ. ತಮ್ಮನದು ಎರಡು ಸಲವೂ ಅದೇ ಗಲ್ಲಿಯ ಲೇತ್ ಅಂಗಡಿಯಲ್ಲಿ ಸಂಜೆಯೊಳಗೆ ಫೇಸಿಂಗ್ ಆಯಿತು, ಮತ್ತು ಆ ಗಾಡಿ ಇಂದಿಗೂ ದಿನಾ ಹರಿಹರಕ್ಕೆ ಹೋಗಿ ಬರುತ್ತಿದೆ. ಎರಡನೆಯ ಸಲ ಹೆಡ್ ಇಳಿಸಿದಾಗ ಅವನ ಮೆಕ್ಯಾನಿಕ್ ವಾಲ್ವುಗಳ, ಬೆಲ್ಟಿನ ಬೆಲೆಯನ್ನಷ್ಟೇ ಪಡೆದು, ಕೊಡಹೋದ ಕೂಲಿಯನ್ನು ಮುಟ್ಟಲಿಲ್ಲ. ಇಲ್ಲಿ ನನ್ನ ಬಿಲ್ಲಿನಲ್ಲಿ ಕೂಲಿಯ ಮೇಲೂ ಶೇಕಡಾ 20 ವ್ಯಾಟ್ ಇತ್ತು.