ಲೆಸ್ ಪಾಲ್‌ನ ಜಿ ತಂತಿಗೆ ಹೊರಗಿನ ಬಿಡಿಭಾಗ ಬೇಕಾ?

ಪರ

ಗಿಬ್ಸನ್ ಕಂಪನಿಯ ಎಲೆಕ್ಟ್ರಿಕ್ ಗಿಟಾರ್ ಲೆಸ್ ಪಾಲ್ ನುಡಿಸುವವರಿಗೆ ಈ ಕಾಟ ಚೆನ್ನಾಗಿ ಗೊತ್ತು. ಜಿ ತಂತಿಯನ್ನು ಜೋರಾಗಿ ಬೆಂಡ್ ಮಾಡಿ, ಅಂದರೆ ಪಕ್ಕಕ್ಕೆ ತಳ್ಳಿ ಸ್ವರ ಏರಿಸಿ, ಬಿಟ್ಟರೆ ಶ್ರುತಿ ಇಳಿದಿರುತ್ತದೆ. ಕೈಯನ್ನು ದೂರಬೇಡಿ, ಗಿಟಾರ್‌ನ ಆಕಾರವೇ ಹಾಗಿದೆ. ಹೆಡ್‌ಸ್ಟಾಕ್, ಅಂದರೆ ಗಿಟಾರ್‌ನ ತಲೆಭಾಗ, ಸುಮಾರು 17 ಡಿಗ್ರಿ ಹಿಂದಕ್ಕೆ ಬಾಗಿದೆ, ತಂತಿ ಬಿಗಿಸುವ ಟ್ಯೂನರ್‌ಗಳು ಆ ಕಡೆ ಮೂರು, ಈ ಕಡೆ ಮೂರು. ಡಿ ಮತ್ತು ಜಿ ತಂತಿಗಳು ತುದಿಯ ಟ್ಯೂನರ್‌ಗೆ ಹೋಗಬೇಕು, ಹಾಗಾಗಿ ನಟ್ (ಕುತ್ತಿಗೆಯ ತುದಿಯಲ್ಲಿ ತಂತಿಗಳು ಕೂರುವ, ಕಚ್ಚುಗಳಿರುವ ಪಟ್ಟಿ) ದಾಟಿದ ಕೂಡಲೇ ಅವು ಕೆಳಕ್ಕೂ ಬಾಗುತ್ತವೆ, ಪಕ್ಕಕ್ಕೂ ತಿರುಗುತ್ತವೆ. ಬೆಂಡ್ ಮಾಡಿದಾಗ ಚೂರು ತಂತಿ ಫ್ರೆಟ್‌ಗಳ (ಬೆರಳಿಡುವ ಕಡೆಯ ಲೋಹದ ಅಡ್ಡಪಟ್ಟಿಗಳು) ಕಡೆಗೆ ಜಾರುತ್ತದೆ. ವಾಪಸ್ ಹೋಗುವಾಗ ನಟ್‌ನ ಕಚ್ಚಿನಲ್ಲೇ ಸಿಕ್ಕಿಕೊಳ್ಳುತ್ತದೆ.

1954ರಲ್ಲಿ ಬಂದ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್ ನೋಡಿ. ಆರೂ ಟ್ಯೂನರ್ ಒಂದೇ ಸಾಲಿನಲ್ಲಿ, ತಂತಿ ನೇರವಾಗಿ ಹೋಗುತ್ತದೆ. ಸ್ಟ್ರಿಂಗ್ ಬಟ್ಲರ್‌ನಂಥ ಬಿಡಿಭಾಗ ಈ ಅನುಕೂಲವನ್ನು ಲೆಸ್ ಪಾಲ್‌ಗೂ ತರುತ್ತದೆ. ನಟ್‌ನ ಹಿಂದೆ ಪುಟ್ಟ ರೋಲರ್‌ಗಳಿರುತ್ತವೆ, ಅಲ್ಲಿವರೆಗೆ ತಂತಿ ನೇರ, ತಿರುವೇನಿದ್ದರೂ ಆಮೇಲೆ, ಉರುಳುವ ಜಾಗದಲ್ಲಿ. ಮರಕ್ಕೆ ಹೊಸ ತೂತು ಬೇಡ. ಇಷ್ಟವಾಗದಿದ್ದರೆ ಬಿಚ್ಚಿಡಬಹುದು, ಹಳೆಯ ಗಿಟಾರ್ ಇರುವವರಿಗೆ ಇದು ದೊಡ್ಡ ವಿಷಯ ಅಲ್ವಾ? ನೋಡಲು ಚೆನ್ನಾಗಿಲ್ಲ ಅಂತಾರೆ. ಹಾಡಿನ ನಡುವೆ ಶ್ರುತಿ ತಪ್ಪಿದರೆ ಅಂದ ಕಟ್ಟಿಕೊಂಡು ಏನು ಮಾಡೋದು?

ವಿರೋಧ

ಹೆಡ್‌ಸ್ಟಾಕ್‌ನ ಆಕಾರದ ಮಾತು ನಿಜ. ಆದರೆ ಅಷ್ಟಕ್ಕೇ ತಂತಿ ಸಿಕ್ಕಿಕೊಳ್ಳುವುದಿಲ್ಲ. ಕಚ್ಚು ಬಿಗಿಯಾಗಿದ್ದಾಗ, ಒರಟಾಗಿದ್ದಾಗ, ಇಲ್ಲವೇ ಟ್ಯೂನರ್ ಇರುವ ದಿಕ್ಕಿಗೆ ಸರಿಯಾಗಿ ಕೊರೆಯದೆ ಇದ್ದಾಗ ಸಿಕ್ಕಿಕೊಳ್ಳುತ್ತದೆ. ಪರೀಕ್ಷೆ ಸುಲಭ. ನಿಧಾನಕ್ಕೆ ಶ್ರುತಿ ಏರಿಸಿ, ನಟ್ ಹತ್ತಿರ ‘ಟಿಣ್’ ಅಂತ ಸದ್ದು ಬಂದು ಸ್ವರ ಒಮ್ಮೆಲೇ ಮೇಲಕ್ಕೆ ಹಾರಿದರೆ ತೊಂದರೆ ಅಲ್ಲೇ ಇದೆ. ಗಿಟಾರ್ ರಿಪೇರಿ ಬಲ್ಲವರು ಸರಿಯಾದ ಅಳತೆಯ ಫೈಲ್‌ನಲ್ಲಿ ಉಜ್ಜಿ ನುಣುಪು ಮಾಡಿ ಕೊಡುತ್ತಾರೆ. ಪೆನ್ಸಿಲ್ ಸೀಸದ ಪುಡಿ ಸವರಿದರೂ ಎಷ್ಟೋ ಸಲ ಕೆಲಸ ನಡೆಯುತ್ತದೆ. ಹೊಸ ತಂತಿಯನ್ನು ಚೆನ್ನಾಗಿ ಎಳೆದು ಕೂರಿಸದೆ, ಟ್ಯೂನರ್‌ಗೆ ಬೇಕಾಬಿಟ್ಟಿ ಸುತ್ತಿಟ್ಟು, ಆಮೇಲೆ ಬಿಡಿಭಾಗ ಹುಡುಕುವವರೇ ಜಾಸ್ತಿ.

ರೋಲರ್ ಹಾಕಿದರೂ ಕೆಟ್ಟ ಕಚ್ಚು ಕೆಟ್ಟದ್ದೇ. ಮೇಲಾಗಿ ತಂತಿ ಮುಟ್ಟುವ ಜಾಗ ಇನ್ನೊಂದು ಹೆಚ್ಚಾಯಿತು. ಲಾಕಿಂಗ್ ಟ್ಯೂನರ್ ಕಥೆಯೂ ಅಷ್ಟೇ, ಟ್ಯೂನರ್‌ನ ಕಂಬದ ಮೇಲೆ ತಂತಿ ಜಾರುವುದನ್ನು ತಡೆಯುತ್ತದೆ, ನಟ್‌ನಲ್ಲಿ ಸಿಕ್ಕಿಕೊಳ್ಳುವುದನ್ನಲ್ಲ. ನಟ್‌ನಲ್ಲೇ ತಂತಿಯನ್ನು ಹಿಡಿದಿಡುವ ಫ್ಲಾಯ್ಡ್ ರೋಸ್ ನಿಜಕ್ಕೂ ಕೆಲಸ ಮಾಡುತ್ತದೆ, ಆದರೆ ಅದಕ್ಕೆ ಸಾಮಾನ್ಯವಾಗಿ ಮರ ಕೊರೆಯಬೇಕು, ತಂತಿಗಳು ಇನ್ನೊಂದು ತುದಿಯಲ್ಲಿ ಕೂರುವ ಬ್ರಿಡ್ಜನ್ನೇ ಬದಲಿಸಬೇಕು.

2015ರಲ್ಲಿ ಗಿಬ್ಸನ್ ಕಂಪನಿಯೇ ತನ್ನ ಹೆಚ್ಚಿನ ಮಾದರಿಗಳಿಗೆ ಜಿ-ಫೋರ್ಸ್ ಎಂಬ ಮೋಟಾರ್ ಟ್ಯೂನರ್ ಹಾಕಿ ಕಳಿಸಿತು. ತಾನಾಗಿಯೇ ಶ್ರುತಿ ಮಾಡುವ ಯಂತ್ರ ಅದು. ಎಷ್ಟೋ ಜನ ಅದನ್ನು ಒಪ್ಪಲಿಲ್ಲ, ಮರುವರ್ಷ ಕೈಯಲ್ಲಿ ತಿರುಗಿಸುವ ಟ್ಯೂನರ್‌ನ ಮಾದರಿಗಳು ಮತ್ತೆ ಬಂದವು. ತಂತಿ ನಟ್‌ನಲ್ಲಿ ಸಿಕ್ಕಿಕೊಂಡಿದ್ದರೆ ಮೋಟಾರ್ ತಿರುಗಿಸಿದರೂ ಅಷ್ಟೇ, ಬೆರಳು ತಿರುಗಿಸಿದರೂ ಅಷ್ಟೇ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ನಟ್‌ಗೆ ಮಾಡಿ. ಅದಾದ ಮೇಲೂ ಜಿ ತಂತಿ ನಿಲ್ಲದಿದ್ದರೆ ಆಗ ರೋಲರ್ ಹಾಕಿ ನೋಡಿ, ನನ್ನ ತಕರಾರಿಲ್ಲ.