ಉಪ್ಪುಸೊಳೆ ಮತ್ತು ಕ್ಲೌನ್ ಮೀನು

ಸಸ್ಯಾಹಾರಿಗಳ ಮನೆಯಲ್ಲಿ ಮೀನು ಸಾಕುವುದಕ್ಕೆ ಯಾರದ್ದೂ ತಕರಾರು ಇರುವುದಿಲ್ಲ. ಮತ್ಸ್ಯಾವತಾರ ಅಂದರೆ ಮುಗಿಯಿತು. ಜಗಳ ಶುರುವಾಗುವುದು ಮೀನಿನ ಊಟದಿಂದ. ಹೆಪ್ಪುಗಟ್ಟಿಸಿದ ಪುಟ್ಟ ಸೀಗಡಿಗಳ ಪ್ಯಾಕೆಟ್ ಬದಿಯಡ್ಕದ ನಮ್ಮ ಮನೆಯ ಫ್ರೀಜರಿಗೆ ಬಂದ ದಿನ ಅಮ್ಮ ಕೇಳಿದಳು, “ಅವತಾರ ಇರಲಿ ಮಾರಾಯ, ಆಹಾರ ಎಲ್ಲಿಡ್ತೀ?”

ಒಣ ಕಾಳು ಹಾಕಿದರೆ ಸಾಲದಾ ಅಂದಳು. ಕಾಳಿನ ಡಬ್ಬಿ ತಿರುಗಿಸಿ ಓದಿದರೆ ಅದರಲ್ಲೂ ಮೀನಿನ ಹಿಟ್ಟೇ. ಕೊನೆಗೆ ಮೂಲೆ ಸೇರಿದ್ದ ಹಳೇ ಫ್ರಿಜ್ಜನ್ನು ರಿಪೇರಿ ಮಾಡಿಸಿ ಕೊಟ್ಟಿಗೆಯ ಪಕ್ಕ ಇಟ್ಟದ್ದಾಯಿತು. ಈಗ ಸಂಜೆಯ ಮಳೆಯಲ್ಲಿ ಕೊಡೆ ಹಿಡಿದು ಸೀಗಡಿ ತರಲು ಹೋಗುತ್ತೇನೆ. ಹಿಂಡಿ ಬಂತು ಅಂತ ದನಗಳು ಎದ್ದು ನಿಲ್ಲುತ್ತವೆ. ಪಾಪ.

ಕಡಲ ಮೀನು, ಹವಳ ಸಾಕುವ ಗಾಜಿನ ತೊಟ್ಟಿ ಚಾವಡಿಗೆ ಬಂದು ಎಷ್ಟೋ ದಿನ ಅದರಲ್ಲಿ ಮೀನೇ ಇರಲಿಲ್ಲ. ಮೀನಿನ ಹೇಲಿನಿಂದ ಅಮೋನಿಯಾ ಹುಟ್ಟುತ್ತದೆ. ಅದನ್ನು ಮೊದಲು ನೈಟ್ರೈಟು, ಆಮೇಲೆ ನೈಟ್ರೇಟು ಮಾಡುವ ಬ್ಯಾಕ್ಟೀರಿಯಾ ಕಲ್ಲುಗಳಲ್ಲಿ ಬೆಳೆಯಬೇಕು. ಅದಕ್ಕೆ 4ರಿಂದ 6 ವಾರ ಬೇಕು. ಪೂಜೆಗೆ ಬಂದ ನೆಂಟರು ನೀಲಿ ಲೈಟಿನಡಿಯ ಖಾಲಿ ನೀರನ್ನು ನೋಡಿ, “ಮೀನೆಲ್ಲಿ ಭಾವ?” ಅಂತ ಕೇಳುವುದು. “ಸದ್ಯ ಬ್ಯಾಕ್ಟೀರಿಯಾ ಸಾಕ್ತಾ ಇದ್ದಾನೆ” ಅಂತ ಅಪ್ಪ ಹೇಳುವುದು. ನೆಂಟರು ನನ್ನನ್ನು ನೋಡಿದ ನೋಟ ಬೇರೆಯೇ.

ಹವಳ ಬಂದಾಗ ಇನ್ನೊಂದು ಫಜೀತಿ. ಕಲ್ಲಿನಂಥ ಗಟ್ಟಿ ಹವಳಗಳೆಲ್ಲ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿವೆ, ಹುಲಿ ಆನೆಗಳ ಸಾಲಿನಲ್ಲಿ. ಹಾಗಾಗಿ ನನ್ನಲ್ಲಿರುವುದು ಮೆತ್ತಗಿನ ಜಾತಿ, ಅದೂ ತೊಟ್ಟಿಯಲ್ಲೇ ಬೆಳೆಸಿದ್ದು. ದೊಡ್ಡದರಿಂದ ಉಗುರಿನಷ್ಟು ತುಂಡು ಕತ್ತರಿಸಿ ಸೂಪರ್ ಗ್ಲೂ ಹಾಕಿ ಬಿಲ್ಲೆಗೆ ಅಂಟಿಸಿ ಕೊಡುತ್ತಾರೆ. ಉಂಗುರದ ಹವಳ ಗೊತ್ತಿದ್ದ ಚಿಕ್ಕಪ್ಪ ಕನ್ನಡಕ ಏರಿಸಿ ನೋಡಿದರು. ಕಂದು ಬಣ್ಣದ ಪುಟ್ಟ ಕೈಗಳು ಮುಷ್ಟಿ ಬಿಚ್ಚಿ ಮುಚ್ಚಿ ಮಾಡುತ್ತಿದ್ದವು. “ಇದನ್ನು ಹಾಕಿಕೊಂಡರೆ ಕುಜ ಶಾಂತ ಆಗ್ತಾನಾ?” ಅಂದರು. ಆ ಜೀನಿಯಾ ಹವಳಕ್ಕೆ ಶಾಂತಿ ಅಂದರೇನು ಅಂತಲೇ ಗೊತ್ತಿಲ್ಲ. ತೋಟದ ಕಮ್ಯುನಿಸ್ಟ್ ಸೊಪ್ಪಿನ ಹಾಗೆ ಪಕ್ಕದ ಕಲ್ಲನ್ನೆಲ್ಲ ಆಕ್ರಮಿಸಿದೆ.

ಅಮ್ಮನಿಗೆ ತೊಟ್ಟಿಯ ಮೇಲೆ ಹಕ್ಕು ಬಂದದ್ದು ಉಪ್ಪಿನ ಮೂಲಕ. ಕುಂಬಳೆಯ ಕಡಲು ಇಷ್ಟು ಹತ್ತಿರ ಇರುವಾಗ ಪ್ಯಾಕೆಟ್ಟಿನ ಉಪ್ಪು ಕದಡುವುದು ಯಾಕೆ ಅಂತ ಊರಿಡೀ ಕೇಳುತ್ತದೆ. ಮಳೆಗಾಲದಲ್ಲಿ ಹೊಳೆಗಳು ಕೆಂಪು ನೀರು ತಂದು ಸುರಿದರೆ ದಡದ ಕಡಲು ಸಪ್ಪೆಯಾಗುತ್ತದೆ, ಹವಳಕ್ಕೆ ಬೇಕಾದದ್ದು ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಒಮ್ಮೆ ನಾವೆಲ್ಲ ಮದುವೆಗೆ ಹೋಗಿದ್ದಾಗ ತೊಟ್ಟಿಯ ನೀರು ತಗ್ಗಿದ್ದು ಅಮ್ಮನಿಗೆ ಕಂಡಿತು. ಭರಣಿಯ ಉಪ್ಪುನೀರಿನಲ್ಲಿ ಹಲಸಿನ ಸೊಳೆ ಹಾಕಿಟ್ಟು, ಉಪ್ಪುಸೊಳೆ ಮಾಡಿ ಕೈ ಪಳಗಿದವಳು. ನೀರು ಕಮ್ಮಿಯಾದರೆ ಸೊಳೆ ಹಾಳಾಗ್ತದೆ ಅಂತ ಅದೇ ಹದದ ಉಪ್ಪುನೀರು ಮಾಡಿ ಸುರಿದಳು. ನಾವು ಬರುವಾಗ ಹವಳಗಳೆಲ್ಲ ಮುದುಡಿ ಕೂತಿದ್ದವು.

“ಆರಿ ಹೋಗುವುದು ನೀರು ಮಾತ್ರ ಅಮ್ಮ. ಉಪ್ಪು ಅಲ್ಲೇ ಇರ್ತದೆ. ಸಿಹಿನೀರು ಹಾಕಿದ್ರೆ ಸಾಕು.”

“ಉಪ್ಪು ಎಲ್ಲಿಗೂ ಹೋಗುದಿಲ್ವಾ?”

“ಇಲ್ಲ.”

“ಮತ್ತೆ ನೀನು ಮೂಟೆಗಟ್ಟಲೆ ತರುದು ಯಾಕೆ?”

ನೈಟ್ರೇಟು ತೆಗೆಯಲು ಆಗಾಗ ಸ್ವಲ್ಪ ನೀರು ಬದಲಿಸಬೇಕು ಅಂತ ವಿವರಿಸುವಷ್ಟರಲ್ಲಿ ಕರೆಂಟು ಹೋಯಿತು. ಇನ್ವರ್ಟರಿನಲ್ಲಿ ತೊಟ್ಟಿಯ ಪಂಪಿಗೇ ಮೊದಲ ಮರ್ಯಾದೆ, ಅಲೆ ನಿಂತರೆ ನೀರಿನ ಆಮ್ಲಜನಕ ಇಳಿಯುತ್ತದಲ್ವಾ. ಮನೆಯವರಿಗೆ ಫ್ಯಾನ್ ಇಲ್ಲ, ಮೀನಿಗೆ ಅಲೆ ಉಂಟು.

ಇಷ್ಟೆಲ್ಲ ಉಪಚಾರ ಪಡೆಯುವ ಕ್ಲೌನ್ ಜೋಡಿ ಕಡಲನ್ನೇ ಕಂಡಿಲ್ಲ. ಸಾಕಿದ ತೊಟ್ಟಿಯಲ್ಲೇ ಹುಟ್ಟಿದವು. ನಮ್ಮ ಕೊಚ್ಚಿಯ ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯೇ ಈ ಮೀನಿನ ಮರಿ ಮಾಡಿಸುವ ವಿಧಾನ ರೂಪಿಸಿದೆ. ಕಡಲಲ್ಲಾದರೆ ಇವು ಹೂವಿನಂತೆ ಕಾಣುವ ಕಡಲಜೀವಿ ಎನಿಮೋನಿನ ಮಡಿಲಲ್ಲಿ ಇರಬೇಕಾದವು. ಇವಕ್ಕೆ ಒಳ್ಳೆಯ ಲೆದರ್ ಹವಳ ತಂದಿಟ್ಟರೂ ಒಲಿದದ್ದು ಗಾಜು ಉಜ್ಜುವ ಅಯಸ್ಕಾಂತದ ಬ್ರಶ್ಶಿಗೆ. ಅದನ್ನು ಮುಟ್ಟಿದರೆ ಹೆಣ್ಣು ಬಂದು ಬೆರಳು ಕಚ್ಚುತ್ತದೆ. ಈ ಜಾತಿಯಲ್ಲಿ ಎಲ್ಲ ಗಂಡಾಗಿಯೇ ಬೆಳೆದು, ದೊಡ್ಡದು ಹೆಣ್ಣಾಗಿ ಮನೆ ಆಳುತ್ತದೆ. ಅಮ್ಮನಿಗೆ ಈ ಪದ್ಧತಿ ತುಂಬ ಹಿಡಿಸಿದೆ. ಬ್ರಶ್ಶು ಅದರ ವಶವಾದ ಮೇಲೆ ಗಾಜಿಗೆ ಪಾಚಿ ಹಿಡಿದು ಅರ್ಧ ತೊಟ್ಟಿ ಕಾಣುವುದಿಲ್ಲ.

ಆ ಬ್ರಶ್ಶಿನ ಪಕ್ಕದಲ್ಲೇ ಮೊನ್ನೆ ಕಿತ್ತಳೆ ಬಣ್ಣದ ಮೊಟ್ಟೆಗಳು ಕಂಡವು. ಗಂಡು ಮೀನು ಹತ್ತಿರವೇ ನಿಂತು ರೆಕ್ಕೆಯಿಂದ ಗಾಳಿ ಹಾಕುತ್ತಿತ್ತು, ಬಾಯಿಂದ ಒಂದೊಂದೇ ಮೊಟ್ಟೆ ಶುಚಿ ಮಾಡುತ್ತಿತ್ತು. ಅಮ್ಮ ಕುರ್ಚಿ ಎಳೆದು ಕೂತಳು.

“ನೋಡು, ಗಂಡಸು ಮಕ್ಕಳನ್ನು ಕಾಯ್ತಾ ಇದೆ. ನೀನು ಹುಟ್ಟಿದ ರಾತ್ರಿ ನಿನ್ನ ಅಪ್ಪ ಯಕ್ಷಗಾನ ಆಟ ನೋಡ್ಲಿಕ್ಕೆ ಹೋಗಿದ್ರು.”

ಪೇಪರಿನ ಹಿಂದಿನಿಂದ ಅಪ್ಪನ ಸ್ವರ ಬಂತು. “ಆಟ ಅಲ್ಲ, ತಾಳಮದ್ದಳೆ. ಹಾಗೆಲ್ಲ ಸುಳ್ಳು ಹೇಳ್ಬಾರ್ದು.”