ಪೋಲಿಷ್ ಕಲಿಯಲು ಇಂಗ್ಲಿಷ್ ದಾರಿಯೇ ಯಾಕೆ?

ಕೆಲಸಕ್ಕೆಂದು ಪೋಲೆಂಡಿಗೆ ಬರುವ ನಮ್ಮವರು ಇಲ್ಲಿನ ಭಾಷೆಯ ಮಾತು ಬಂದ ಕೂಡಲೇ ಕೈ ಚೆಲ್ಲುತ್ತಾರೆ. "ಏಳು ವಿಭಕ್ತಿ ಇದೆಯಂತೆ, ನಮ್ಮ ಕೈಲಿ ಆಗಲ್ಲ ಬಿಡಿ" ಅನ್ನುತ್ತಾರೆ. ವ್ರೊತ್ಸ್ವಾಫ್ ಊರಿನ ನಮ್ಮ ಕನ್ನಡದ ಕೂಟಗಳಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಹಾಗೆ ಅನ್ನುವವರೆಲ್ಲ ಶಾಲೆಯಲ್ಲಿ "ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ" ಅಂತ ಬಾಯಿಪಾಠ ಮಾಡಿದವರೇ. ಕಷ್ಟ ಪೋಲಿಷ್‌ನದಲ್ಲ. ನಾವು ಅದನ್ನು ಇಂಗ್ಲಿಷ್‌ನಲ್ಲಿ ಬರೆದ ಪುಸ್ತಕದಿಂದ ಕಲಿಯಲು ಹೋಗುತ್ತೇವೆ, ಅದೇ ತೊಂದರೆ.

ಒಂದು ಸಣ್ಣ ವಾಕ್ಯ ನೋಡಿ. ಜನವರಿಯ ಬೆಳಿಗ್ಗೆ ಬಸ್ ಸ್ಟಾಪಿನಲ್ಲಿ ನಿಂತವರು "ಜಿಮ್ನೊ ಮಿ" ಅನ್ನುತ್ತಾರೆ. ಜಿಮ್ನೊ ಅಂದರೆ ಚಳಿ, ಮಿ ಅಂದರೆ ನನಗೆ. ನನಗೆ ಚಳಿ. ಅಷ್ಟೇ, ಕ್ರಿಯಾಪದವೂ ಬೇಡ. "ಫ್ಸ್ತಿದ್ ಮಿ" ಅಂದರೆ ನನಗೆ ನಾಚಿಕೆ. "ನುದ್ನೊ ಮಿ" ಅಂದರೆ ನನಗೆ ಬೇಜಾರು. ಮೈಗೆ, ಮನಸ್ಸಿಗೆ ಆಗುವುದನ್ನು ಹೇಳುವಾಗ ಎರಡೂ ಭಾಷೆಯವರು ಚತುರ್ಥಿ ವಿಭಕ್ತಿಯನ್ನೇ ಹಿಡಿಯುತ್ತಾರೆ. ಇಂಗ್ಲಿಷ್ ಮೂಲಕ ಬಂದವರು ಇದನ್ನು "ನಾನು ಚಳಿಯಾಗಿದ್ದೇನೆ" ಎಂಬ ಅಚ್ಚಿಗೆ ಹಾಕಿ "ಯೆಸ್ತೆಮ್ ಜಿಮ್ನಿ" ಅನ್ನುತ್ತಾರೆ. ಅದನ್ನು ಕೇಳಿದ ಪೋಲಿಷ್ ಜನರಿಗೆ ಈ ಮನುಷ್ಯನ ಮನಸ್ಸೇ ತಣ್ಣಗೆ ಎಂಬಂಥ ಅರ್ಥ ಬರುತ್ತದೆ. ಕನ್ನಡದಲ್ಲಿ ಯೋಚಿಸಿದವರಿಗೆ ಈ ತಪ್ಪು ಬರಲು ಕಾರಣವೇ ಇಲ್ಲ.

ಇನ್ನು ಸಂಬೋಧನೆ. ಶಾಲೆಯಲ್ಲಿ ಅದನ್ನು ಕೊನೆಯಲ್ಲಿ ಸೇರಿಸಿ ಸುಮ್ನೆ ದಾಟಿಸಿಬಿಡುತ್ತಿದ್ದರು. ಇಲ್ಲಿ ಅದು ಏಳನೆಯ ವಿಭಕ್ತಿ, ದಿನಬಳಕೆಯಲ್ಲಿ ಗಟ್ಟಿಯಾಗಿದೆ. ಅಮ್ಮನಿಗೆ ಮಾಮಾ ಅನ್ನುತ್ತಾರೆ, ಕರೆಯುವಾಗ ಅದು "ಮಾಮೊ" ಆಗುತ್ತದೆ. ಬಸ್ಸಿನಲ್ಲಿ ಬಾಗಿಲು ತೆರೆಯದಿದ್ದರೆ ಹಿಂದಿನಿಂದ ಅಜ್ಜಿಯೊಬ್ಬರು "ಪಾನ್ಯೆ ಕೆರೊಫ್ತ್ಸೊ!" ಅಂತ ಕೂಗುತ್ತಾರೆ. ನಮ್ಮ ಬಸ್ಸಿನಲ್ಲಿ "ಡ್ರೈವರ್ರೇ, ಸ್ವಲ್ಪ ನಿಲ್ಸಿ" ಅಂದ ಹಾಗೇ. ಆ ಕೊನೆಯ "ಏ"ಯಲ್ಲಿ ಮರ್ಯಾದೆಯೂ ಇದೆ, ಸಲಿಗೆಯೂ ಇದೆ. ಅಪ್ಪ ಅಮ್ಮನ ಸ್ನೇಹಿತರನ್ನು ಇಲ್ಲಿನ ಮಕ್ಕಳು ಚಿಕ್ಕಮ್ಮ, ಮಾವ ಎಂಬಂಥ ನೆಂಟಸ್ತಿಕೆಯ ಹೆಸರಿನಿಂದಲೇ ಕರೆಯುವುದೂ ಉಂಟು.

ಹಾಗಂತ ಎಲ್ಲವೂ ಹೊಂದುತ್ತದೆ ಅಂತಲ್ಲ. ಕನ್ನಡದಲ್ಲಿ ಮನೆ, ಮನೆಗಳು, ಮನೆಗಳಲ್ಲಿ. ಒಂದೊಂದು ಪ್ರತ್ಯಯವೂ ಬಿಡಿಬಿಡಿಯಾಗಿ ಕಾಣುತ್ತದೆ. ಪೋಲಿಷ್‌ನಲ್ಲಿ ಲಿಂಗ, ವಚನ, ವಿಭಕ್ತಿ ಮೂರೂ ಒಂದೇ ಅಕ್ಷರದಲ್ಲಿ ಕೂತಿರುತ್ತವೆ, ಸಾಲದ್ದಕ್ಕೆ ಪದದ ನಡುವೆಯೂ ಬದಲಾವಣೆ. ಪಟ್ಟಣಕ್ಕೆ "ಮಿಯಾಸ್ತೊ", ಪಟ್ಟಣದಲ್ಲಿ ಅನ್ನಲು "ವ್ ಮಿಯೆಶ್ಚೆ". ಇದಕ್ಕೆ ಅಭ್ಯಾಸವೊಂದೇ ದಾರಿ. "ವಾರ್ಸಾದಿಂದ" ಅನ್ನಲು ಅವರು ಷಷ್ಠಿಯನ್ನು ಬಳಸುತ್ತಾರೆ, "ವಾರ್ಸಾಗೆ ಹೋಗುತ್ತೇನೆ" ಅನ್ನಲೂ ಷಷ್ಠಿಯೇ. ಅವರ ಪಟ್ಟಿಯಲ್ಲಿ ಪಂಚಮಿ ಇಲ್ಲವೇ ಇಲ್ಲ. ನಮ್ಮಲ್ಲಿ ಮಾತ್ರ ನಿಜವಾಗಿ ಇದೆಯಾ? "ಮರದ ದೆಸೆಯಿಂದ ಹಣ್ಣು ಬಿತ್ತು" ಅಂತ ಯಾರೂ ಅನ್ನುವುದಿಲ್ಲ, ಮರದಿಂದ ಬಿತ್ತು ಅನ್ನುತ್ತೇವೆ. ಸಂಸ್ಕೃತದ ಪಟ್ಟಿಗೆ ಸರಿಹೊಂದಿಸಲು ತಂದ ರೂಪ ಅದು. ಬೇರೆ ಭಾಷೆ ಕಲಿಯುವಾಗ ನಮ್ಮ ವ್ಯಾಕರಣ ಪುಸ್ತಕದ ಇಂಥ ಹುಳುಕೂ ಕಣ್ಣಿಗೆ ಬೀಳುತ್ತದೆ.

ಬಹುವಚನ ನನಗೆ ತುಂಬ ಇಷ್ಟದ ವಿಷಯ. ನಾವು ಮನುಷ್ಯರಿಗೆ ಇಬ್ಬರು, ಮೂವರು ಅನ್ನುತ್ತೇವೆ, ಬೆಕ್ಕಿಗೆ ಎರಡು, ಮೂರು. ಪೋಲಿಷ್‌ನಲ್ಲೂ ಗಂಡಸರಿಗೆ "ದ್ವಾಯ್", ಹೆಂಗಸರಿಗೆ "ದ್ವ್ಯೆ", ಬೆಕ್ಕಿಗೆ "ದ್ವಾ", ಮಕ್ಕಳಿಗೆ "ದ್ವೊಯೆ". ಇಷ್ಟು ಬಗೆ ಯಾಕೆ ಅಂತ ಕನ್ನಡಿಗರು ಕೇಳಬೇಕಾಗಿಲ್ಲ ಅಲ್ವಾ? ಆದರೆ ಅವರು ಗೆರೆ ಎಳೆಯುವ ಜಾಗ ಬೇರೆ. ಹುಡುಗರು ಹೋದರು ಅನ್ನಲು "ಪೊಶ್ಲಿ", ಹುಡುಗಿಯರು ಹೋದರು ಅನ್ನಲು "ಪೊಶ್ವಿ", ನಾಯಿಗಳು ಹೋದವು ಅನ್ನಲೂ ಅದೇ "ಪೊಶ್ವಿ". ನೂರು ಹೆಂಗಸರ ನಡುವೆ ಒಬ್ಬ ಗಂಡಸು ಇದ್ದರೂ "ಪೊಶ್ಲಿ" ಬಂದುಬಿಡುತ್ತದೆ. ನಮ್ಮಲ್ಲಿ ಹುಡುಗಿಯರೂ ಹೋದರು, ಹುಡುಗರೂ ಹೋದರು, ನಾಯಿಗಳು ಮಾತ್ರ ಹೋದವು. ಏಕವಚನದಲ್ಲಿ "ಹುಡುಗಿ ಬಂತು" ಅನ್ನುವ ರೂಢಿ ನಮ್ಮ ಕೆಲವು ಕಡೆ ಇದೆ, ನಿಜ. ಆದರೂ ಬಹುವಚನದ ಮಟ್ಟಿಗೆ ಕನ್ನಡದ ಗೆರೆಯೇ ಸರಿಯಾದ್ದು ಅಂತ ನಾನು ಧೈರ್ಯವಾಗಿ ಹೇಳುತ್ತೇನೆ.

ಇಷ್ಟೆಲ್ಲ ಶ್ರಮ ಯಾಕೆ, ಆಫೀಸಿನಲ್ಲಿ ಇಂಗ್ಲಿಷ್ ಸಾಕಲ್ಲ ಅನ್ನುವವರಿಗೆ ಈ ಜನರ ಕಥೆ ಗೊತ್ತಿರಬೇಕು. 1772, 1793, 1795ರಲ್ಲಿ ಪ್ರಷ್ಯಾ, ಆಸ್ಟ್ರಿಯಾ, ರಷ್ಯಾ ಸೇರಿ ಈ ದೇಶವನ್ನು ಹಂಚಿಕೊಂಡವು, 1793ರ ಹಂಚಿಕೆಯಲ್ಲಿ ಮಾತ್ರ ಆಸ್ಟ್ರಿಯಾ ಇರಲಿಲ್ಲ. 1918ರವರೆಗೆ, ಅಂದರೆ 123 ವರ್ಷ, ಭೂಪಟದಲ್ಲಿ ಪೋಲೆಂಡ್ ಎಂಬ ದೇಶ ಇರಲಿಲ್ಲ. 1901ರಲ್ಲಿ ವ್ಜೆಶ್ನ್ಯಾ ಎಂಬ ಊರಿನ ಶಾಲೆಯಲ್ಲಿ ಧರ್ಮಪಾಠವನ್ನು ಜರ್ಮನ್‌ನಲ್ಲಿ ಒಪ್ಪಿಸಲು ಒಲ್ಲೆವೆಂದ ಮಕ್ಕಳಿಗೆ ಹೊಡೆದರು. ಅದನ್ನು ವಿರೋಧಿಸಿದ ಹೆತ್ತವರಿಗೆ ಗ್ನ್ಯೆಜ್ನೊ ಊರಿನ ಕೋರ್ಟಿನಲ್ಲಿ ಜೈಲು ಶಿಕ್ಷೆಯಾಯಿತು. ರಷ್ಯಾದ ಕೈಯಲ್ಲಿದ್ದ ವಾರ್ಸಾದಲ್ಲಿ ಮನೆಯಿಂದ ಮನೆಗೆ ಜಾಗ ಬದಲಿಸುತ್ತ ಕದ್ದುಮುಚ್ಚಿ ಪಾಠ ನಡೆಯುತ್ತಿತ್ತು. ಮುಂದೆ ಮೇರಿ ಕ್ಯೂರಿ ಎಂದು ಹೆಸರಾದ ಮರಿಯಾ ಸ್ಕ್ವೊದೊವ್ಸ್ಕಾ ಕಲಿತದ್ದು ಅಂಥ ಪಾಠಗಳಲ್ಲೂ ಹೌದು. 1956ರವರೆಗೆ ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಅಂತ ಹರಿದು ಹಂಚಿಹೋಗಿದ್ದ ಕನ್ನಡದವರಿಗೆ ಇದರ ನೋವು ಸ್ವಲ್ಪವಾದರೂ ಅರ್ಥವಾಗಬೇಕು. ನಮ್ಮ ಕಷ್ಟ ಅವರಷ್ಟು ಕಠಿಣವಾಗಿರಲಿಲ್ಲ, ಆ ವ್ಯತ್ಯಾಸವನ್ನೂ ಮರೆಯಬಾರದು.

ವ್ರೊತ್ಸ್ವಾಫ್‌ನಿಂದ ದಕ್ಷಿಣಕ್ಕೆ ಹೋದರೆ ಹೆನ್ರಿಕುವ್ ಎಂಬ ಹಳ್ಳಿಯಲ್ಲಿ ಹಳೆಯ ಮಠವಿದೆ. ಸುಮಾರು 1270ರಲ್ಲಿ ಅಲ್ಲಿನ ಲ್ಯಾಟಿನ್ ದಾಖಲೆಯ ನಡುವೆ ಒಂದು ಪೋಲಿಷ್ ವಾಕ್ಯ ಬರೆದಿಟ್ಟರು. ಬೀಸುತ್ತ ಕೂತಿದ್ದ ಹೆಂಡತಿಗೆ ಗಂಡ ಹೇಳಿದ್ದು: ಕೊಡು, ನಾನು ಬೀಸುತ್ತೇನೆ, ನೀನು ಸುಧಾರಿಸಿಕೋ. ಅವರ ಭಾಷೆಯಲ್ಲಿ ಬರೆದಿಟ್ಟ ವಾಕ್ಯಗಳಲ್ಲಿ ಅತಿ ಹಳೆಯದು ಅಂತ ಇಲ್ಲಿನವರು ಹೆಮ್ಮೆಯಿಂದ ತೋರಿಸುವುದು ಇದನ್ನೇ. ನಮ್ಮ ಹಲ್ಮಿಡಿ ಶಾಸನ ಇದಕ್ಕಿಂತ ಎಷ್ಟೋ ಶತಮಾನ ಹಿಂದಿನದು. ಆದರೆ ಅದರಲ್ಲಿರುವುದು ಯುದ್ಧ, ದಾನದ ಮಾತು. ಹೆನ್ರಿಕುವ್‌ನ ವಾಕ್ಯದಲ್ಲಿರುವ ಮನೆಮಾತು ನನ್ನನ್ನು ಜಾಸ್ತಿ ಹಿಡಿದಿಡುತ್ತದೆ.

ಇಲ್ಲಿನ ಶಾಲೆಗೆ ಹೋಗುವ ನಮ್ಮ ಮಕ್ಕಳಿಗೆ ವಿಭಕ್ತಿಯನ್ನು ಪ್ರಶ್ನೆಗಳ ಮೂಲಕ ಕಲಿಸುತ್ತಾರೆ: ಕ್ತೊ, ತ್ಸೊ, ಕೊಗೊ, ಚೆಗೊ, ಕೊಮು, ಚೆಮು. ಅಂದರೆ ಯಾರು, ಏನು, ಯಾರ, ಯಾವುದರ, ಯಾರಿಗೆ, ಯಾವುದಕ್ಕೆ. ಮನೆಯಲ್ಲಿ ಅಪ್ಪ ಅಮ್ಮ ಅದೇ ಹಾಳೆಯ ಪಕ್ಕದಲ್ಲಿ ಕನ್ನಡದ ಸಾಲನ್ನೂ ಬರೆಸಬಹುದು. ಮಕ್ಕಳು ಎರಡನ್ನೂ ಒಟ್ಟಿಗೆ ಕಲಿಯುತ್ತಾರೆ, ಪಕ್ಕದಲ್ಲಿ ಕೂತ ದೊಡ್ಡವರಿಗೂ ಪೋಲಿಷ್ ಬರುತ್ತದೆ.